ಎರಡು ಕಾರ್ಡು, ಒಂದೇ ನಿಮಿಷ

"ಪಾಳಿ ಪುಸ್ತಕ ಸುಳ್ಳು ಹೇಳಲ್ಲ ಮೇಡಂ. ಹೇಳೋಕೆ ಅದರಲ್ಲಿ ಜಾಗವೇ ಇಲ್ಲ," ಎಂದು ಮಾರುಕಟ್ಟೆ ಟೆಲಿಫೋನ್ ಎಕ್ಸ್‌ಚೇಂಜಿನ ಹಿರಿಯ ಟೆಕ್ನಿಷಿಯನ್ ಆ ದಪ್ಪ ಪುಸ್ತಕವನ್ನು ತನಿಖೆಗೆ ಬಂದ 'ಇರುವೆ'ಯ ಕಡೆಗೆ ತಿರುಗಿಸಿ ಇಟ್ಟಳು.

ನಿಜ, ಜಾಗವಿರಲಿಲ್ಲ. ಪ್ರತಿ ಸಾಲಿಗೂ ಮೂರೇ ಕಲಂ: ಹೊತ್ತು, ಕೆಲಸ, ಸಹಿ. ಇರುವೆ ಬೆರಳಿಟ್ಟುಕೊಂಡು ಕೆಳಗಿಳಿದಳು. ಸುಮಾರು ಏಳು ತಿಂಗಳ ಹಿಂದಿನ ಒಂದು ಪುಟದಲ್ಲಿ ಅವಳ ಬೆರಳು ನಿಂತಿತು.

ಎಂಟು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತೆರಡಕ್ಕೆ, ಈ ಎಕ್ಸ್‌ಚೇಂಜಿನ ಕರೆ ಜೋಡಿಸುವ ಸ್ವಿಚ್ ಹನ್ನೊಂದು ನಿಮಿಷ ಮೂಕವಾಗಿತ್ತು. ಆ ಹನ್ನೊಂದು ನಿಮಿಷದಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ ಎದೆ ಹಿಡಿದುಕೊಂಡು ಕುಸಿದಿದ್ದ. ಅವನ ಮಗಳು ತುರ್ತು ನಂಬರನ್ನು ನಲವತ್ತು ಸಲ ಒತ್ತಿದ್ದಳು. ಒಂದು ಸಲವೂ ಗಂಟೆ ಹೋಗಿರಲಿಲ್ಲ.

ದೂರಸಂಪರ್ಕ ಸುರಕ್ಷತಾ ಇಲಾಖೆ ತನಿಖೆಗೆ ಕಳಿಸಿದ್ದು ಇರುವೆಯನ್ನು. ಅದು ಅವಳ ಹೆಸರಲ್ಲ. ಹಿಂದೆ ಹದಿನಾಲ್ಕು ವರ್ಷ ಈ ಸ್ವಿಚ್ ತಯಾರಿಸಿದ ಕಂಪನಿಯಲ್ಲೇ, ಯಂತ್ರಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ದುಡಿದಿದ್ದಳು. ಸಕ್ಕರೆ ಡಬ್ಬಿಯ ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಒಳಗೆ ಹೋಗುತ್ತಾಳೆ ಎಂದು ಅಲ್ಲಿಯವರು ಕರೆದದ್ದು, ಕೆಲಸ ಬದಲಾದರೂ ಅವಳನ್ನು ಬಿಡಲಿಲ್ಲ.

"ಇಲ್ಲಿ ಎರಡೂ ಕಾರ್ಡ್ ಒಂದು ಮೂವತ್ತೊಂದಕ್ಕೆ ಶುರುವಾದವು ಅಂತ ಬರೆದಿದೆ," ಎಂದಳು ಇರುವೆ.

"ಹೌದು. ಊಟದ ಹೊತ್ತು. ಕಂಪನಿಯವರು ಬಂದು ಹೊಸ ತಂತ್ರಾಂಶ ಹಾಕಿದ ದಿನ. ಬರೆದದ್ದು ನಾನೇ."

"ಎರಡೂ ಒಟ್ಟಿಗೆ?"

"ಒಟ್ಟಿಗೆ. ನನಗೂ ಒಂಥರಾ ಅನ್ನಿಸ್ತು. ಆದರೆ ಅವರು ಆದೇಶದ ಕಾಗದ ತೋರಿಸಿದ್ರು. ಕಾಗದದ ಮುಂದೆ ನನ್ನದೇನು ನಡೆಯುತ್ತೆ?"

ಟೆಕ್ನಿಷಿಯನ್ ಆ ಆದೇಶದ ಪ್ರತಿಯನ್ನು ಪುಟದ ನಡುವೆಯೇ ಅಂಟಿಸಿಟ್ಟಿದ್ದಳು. ಇರುವೆ ಅದನ್ನು ಎರಡು ಸಲ ಓದಿದಳು. ಒಂದು ನಕಲು ತೆಗೆಸಿಕೊಂಡಳು.

ಇಂಥ ಸ್ವಿಚ್ಚಿನಲ್ಲಿ ಮಿದುಳಿನ ಕಾರ್ಡ್ ಎರಡಿರುತ್ತವೆ. ಒಂದು ದುಡಿಯುತ್ತದೆ, ಇನ್ನೊಂದು ಅದರ ನಾಡಿ ಹಿಡಿದು ಕೂತಿರುತ್ತದೆ. ಮೊದಲನೆಯದು ಸತ್ತರೆ ಎರಡನೆಯದು ಕಣ್ಣು ಮಿಟುಕಿಸುವುದರೊಳಗೆ ನೊಗಕ್ಕೆ ಹೆಗಲು ಕೊಡುತ್ತದೆ. ಮಾತಾಡುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. ವರ್ಷಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಕಂಪನಿ ಬರೆದುಕೊಟ್ಟದ್ದು ಆ ಎರಡನೆಯ ಕಾರ್ಡನ್ನು ನಂಬಿ. ಹಾಗಿದ್ದರೆ ಮಂಗಳವಾರ ಎರಡೂ ಒಂದೇ ಕ್ಷಣಕ್ಕೆ ಸತ್ತದ್ದು ಹೇಗೆ? ಎಂಟು ದಿನದಿಂದ ಅವಳ ನಿದ್ದೆ ಕೆಡಿಸಿದ್ದು ಇದೊಂದೇ ಪ್ರಶ್ನೆ.

ಹೊರಡುವಾಗ ಟೆಕ್ನಿಷಿಯನ್ ಡ್ರಾಯರ್ ತೆಗೆದು ಒಂದು ಡಿಸ್ಕ್ ಕೊಟ್ಟಳು. ಪ್ಲಾಸ್ಟಿಕ್ ಹೊದಿಕೆ ಇನ್ನೂ ಒಡೆದಿರಲಿಲ್ಲ. ಆ ಹೊಸ ತಂತ್ರಾಂಶದ ಜೊತೆಗೇ ಬಂದದ್ದಂತೆ. ಒಳಗೆ ಓಡುವ ಆಪರೇಟಿಂಗ್ ಸಿಸ್ಟಂ ಎಲ್ಲರಿಗೂ ತೆರೆದದ್ದಾದ್ದರಿಂದ, ಅದರ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಯಂತ್ರ ಕೊಂಡವರಿಗೆ ಕೊಡಲೇಬೇಕೆಂಬ ಕರಾರಿತ್ತು. ಕೊಟ್ಟಿದ್ದರು. ಯಾರೂ ಬಿಚ್ಚಿರಲಿಲ್ಲ.

ಅದೇ ಬರಹವನ್ನು ಕಂಪನಿ ತನಿಖೆಗೂ ಒಪ್ಪಿಸಿತ್ತು. ಒಪ್ಪಿಸಿದ ಮೇಲೆ ಮತ್ತೊಂದು ಯಾಕೆ ಎಂದು ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರೇನೋ. ಇರುವೆ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡಳು.

ಇಲಾಖೆಯ ಮೆಟ್ಟಿಲು ಹತ್ತುವಾಗ ಅಕ್ಕನ ಫೋನ್ ಬಂತು. ಅಕ್ಕ ತುರ್ತು ಕರೆಗಳ ಕೇಂದ್ರದಲ್ಲಿ ಹೆಡ್‌ಫೋನ್ ಹಾಕಿ ಕೂರುವವಳು, ಇಪ್ಪತ್ತೆರಡು ವರ್ಷದಿಂದ. ಮಾರುಕಟ್ಟೆ ಭಾಗದ ಕರೆಗಳು ಬರುವುದು ಅವಳ ಮೇಜಿಗೇ. ಊಟ ಮಾಡಿದೆಯಾ ಎಂದು ಕೇಳಿದಳು, ಮಧ್ಯಾಹ್ನ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದಳು. ಆಮೇಲೆ ಮಂಗಳವಾರದ ಮಾತು ತೆಗೆದಳು. ಇರುವೆ ಸಮಾಧಾನ ಹೇಳಲು ಹೊರಟಾಗ ಅಕ್ಕ ತಡೆದಳು.

"ಆವತ್ತು ಹನ್ನೊಂದು ನಿಮಿಷ ಒಂದು ಕರೆಯೂ ಇರಲಿಲ್ಲ ಕಣೇ. ಇವತ್ತು ಊರು ಚೆನ್ನಾಗಿದೆ ಅಂದ್ಕೊಂಡು ಟೀ ಕುಡೀತಾ ಕೂತಿದ್ದೆ. ಸಕ್ಕರೆ ಕಮ್ಮಿ ಅಂತ ಪಕ್ಕದವಳ ಹತ್ರ ರೇಗಿದೆ ಬೇರೆ."

ಇದನ್ನು ಅಕ್ಕ ಹೇಳಿದ್ದು ಐದನೆಯ ಸಲ. ಪ್ರತಿ ಸಲವೂ ಹೊಸದಾಗಿ ಹೇಳುವವಳಂತೆ ಹೇಳುತ್ತಿದ್ದಳು.

ಇಲಾಖೆಯ ಕೋಣೆಯಲ್ಲಿ ಇರುವೆ ಬಾಗಿಲು ಹಾಕಿಕೊಂಡು ಎರಡೂ ಡಿಸ್ಕುಗಳನ್ನು ಅಕ್ಕಪಕ್ಕ ಹೋಲಿಸಿದಳು. ಲಕ್ಷಗಟ್ಟಲೆ ಸಾಲು. ಯಂತ್ರವೇ ಹೋಲಿಸಿ ಹೇಳುತ್ತದೆ, ಕಣ್ಣಿಗೆ ಕೆಲಸವಿಲ್ಲ. ಕಂಪನಿ ತನಿಖೆಗೆ ಕೊಟ್ಟದ್ದು, ಲೋಕಕ್ಕೆಲ್ಲ ತೆರೆದಿಟ್ಟ ಮೂಲಕ್ಕೆ ಅಚ್ಚು ಹೊಡೆದಂತೆ ಹೊಂದಿತು. ಟೆಕ್ನಿಷಿಯನ್ನಳ ಡ್ರಾಯರಿನಲ್ಲಿ ಕೊಳೆಯುತ್ತಿದ್ದದ್ದು ಹೊಂದಲಿಲ್ಲ.

ವ್ಯತ್ಯಾಸ ಒಂದೇ ಸಾಲು.

ಆ ಸಾಲನ್ನು ಕಂಡದ್ದೇ ಅವಳು ಕುರ್ಚಿಯಿಂದ ಎದ್ದು ನಿಂತಳು. ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ದಿನ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮಂಗಳವಾರದ ಒಂಬತ್ತು ನಲವತ್ತೆರಡಕ್ಕೆ ಲೆಕ್ಕ ಸರಿಯಾಗಿ ಬಂದು ಕೂತಿತು, ನಿಮಿಷ ಆಚೀಚೆ ಆಗದಂತೆ. ಎರಡೂವರೆಗೆ ಅವಳು ಕಂಪನಿಯ ಗೇಟಿನಲ್ಲಿದ್ದಳು.

ಮುಖ್ಯ ಇಂಜಿನಿಯರು ಅವಳನ್ನು ಹೊರಗೆ ಕಾಯಿಸಿದರು. ಹಿಂದೆಂದೂ ಕಾಯಿಸಿದವರಲ್ಲ. ಲ್ಯಾಬಿಗೆ ಸೇರಿದ ಮೊದಲ ವಾರ ಅವಳಿಗೆ ಸ್ಕ್ರೂಡ್ರೈವರ್ ಹಿಡಿಯುವುದರಿಂದ ಹಿಡಿದು ವರದಿ ಬರೆಯುವುದರವರೆಗೆ ಕಲಿಸಿದವರು ಅವರೇ. ಯಂತ್ರವನ್ನು ನಂಬಬೇಡ, ಯಂತ್ರದ ಬಗ್ಗೆ ಮಾತಾಡುವವರನ್ನಂತೂ ನಂಬಲೇಬೇಡ ಎನ್ನುತ್ತಿದ್ದರು.

ಒಳಗೆ ಕರೆದಾಗ ಎರಡು ಐವತ್ತೆರಡು. ಕೋಣೆಯ ಒಂದು ಬದಿ ಪೂರ್ತಿ ಗಾಜು. ಆಚೆ ಪರೀಕ್ಷೆಯ ಹಜಾರದಲ್ಲಿ ಸಾಲುಸಾಲು ಬೀರುಗಳು, ಹಸಿರು ದೀಪಗಳು. ಅವರು ಒಂದು ವಾರದಲ್ಲಿ ಹತ್ತು ವರ್ಷ ಮುದುಕರಾದಂತೆ ಕಂಡರು. ಶರ್ಟಿನ ಗುಂಡಿ ಒಂದು ಮನೆ ತಪ್ಪಿತ್ತು.

ಪತ್ರಿಕೆಗಳಿಗೆ ಹೇಳಿದ್ದನ್ನೇ ಅವರು ಅವಳಿಗೂ ಹೇಳಿದರು. ಹಳೆಯ ಯಂತ್ರಗಳಲ್ಲಿ ಕಂಪನಿಯ ಸ್ವಂತ ಆಪರೇಟಿಂಗ್ ಸಿಸ್ಟಂ ಇತ್ತು, ಒಂದು ದಿನ ತೊಂದರೆ ಕೊಟ್ಟಿರಲಿಲ್ಲ. ಹಟ ಹಿಡಿದು ತೆರೆದದ್ದನ್ನು ತಂದವನು ಅವರ ಕೈಕೆಳಗಿನ ಇಂಜಿನಿಯರ್. ಲ್ಯಾಬಿನಲ್ಲಿ ಅವನಿಗೆ 'ಪುಕ್ಕಟೆ' ಎಂದೇ ಹೆಸರು. ಪುಕ್ಕಟೆ ಸಿಕ್ಕಿದ್ದಕ್ಕೆ ಹೇಳುವವರಿಲ್ಲ ಕೇಳುವವರಿಲ್ಲ. ಯಾರೋ ಎಲ್ಲೋ ಕೂತು ಬರೆದದ್ದನ್ನು ಜೀವ ಉಳಿಸುವ ಯಂತ್ರಕ್ಕೆ ತುಂಬಿದರೆ ಇನ್ನೇನಾಗುತ್ತದೆ? ಅದಕ್ಕೇ ಅವನನ್ನು ಅಮಾನತು ಮಾಡಿದ್ದಾರೆ. ಈಗ ಅವನು ಎಲ್ಲಿದ್ದಾನೋ ತಮಗೆ ತಿಳಿಯದು.

ಅವನ ಹೆಂಡತಿಗೂ ತಿಳಿಯದು ಎಂದಳು ಇರುವೆ. ಮೊನ್ನೆಯಿಂದ ಮನೆಗೆ ಬಂದಿಲ್ಲ. ಕನ್ನಡಕವಿಲ್ಲದೆ ಎರಡು ಹೆಜ್ಜೆ ಇಡಲಾರದವನು ಓದುವ ಕನ್ನಡಕ, ನಡೆಯುವ ಕನ್ನಡಕ ಎರಡನ್ನೂ ಮೇಜಿನ ಮೇಲೆ ಬಿಟ್ಟು ಹೋಗಿದ್ದಾನೆ.

ಮುಖ್ಯ ಇಂಜಿನಿಯರ ಕಣ್ಣು ಅವಳ ಭುಜದ ಮೇಲಿಂದ ಹಿಂದಕ್ಕೆ ಹೋಗಿ ಬಂತು. ಯಾರೋ ಬಾಗಿಲಲ್ಲಿ ನಿಂತಿದ್ದಾರೆಂದು ಅವಳಿಗೆ ಅನ್ನಿಸಿತು.

"ಸರ್, ಒಂದೇ ಪ್ರಶ್ನೆ. ಈ ಯಂತ್ರ ಶುರುವಾಗಿ ಐದನೇ ನಿಮಿಷಕ್ಕೆ ಏನಾಗ್ಬೇಕು?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ನೀವು ಹೇಳಲ್ಲ ಅಂದ್ರೆ ನಾನೇ ಹೇಳ್ತೀನಿ. ತಪ್ಪಿದ್ರೆ ತಿದ್ದಿ, ಹಿಂದೆ ತಿದ್ದುತ್ತಿದ್ದ ಹಾಗೆ."

ಅವಳು ಹೇಳಿದಳು. ಯಂತ್ರದೊಳಗೆ ಒಂದು ಎಣಿಕೆ ಇದೆ. ಸೆಕೆಂಡಿಗೆ ಇನ್ನೂರೈವತ್ತು ಸಲ ಏರುತ್ತ ಹೋಗುತ್ತದೆ. ಗಾಡಿಯ ಕಿಲೋಮೀಟರ್ ಮೀಟರು ಎಲ್ಲ ಒಂಬತ್ತುಗಳಾದ ಮೇಲೆ ಸೊನ್ನೆಗೆ ಮಗುಚುವಂತೆ, ಇದೂ ನೂರ ತೊಂಬತ್ತೆಂಟು ದಿನ, ಇಪ್ಪತ್ತು ಗಂಟೆ, ಹನ್ನೊಂದು ನಿಮಿಷ ಕಳೆದರೆ ತುಂಬಿ ಸೊನ್ನೆಗೆ ಮಗುಚುತ್ತದೆ. ಮಗುಚುವುದು ತಪ್ಪಲ್ಲ. ಅದನ್ನು ನೋಡಿ ಹೊತ್ತು ಹಿಂದಕ್ಕೆ ಹೋಯಿತೆಂದು ಗಾಬರಿಯಾಗಿ ನಿಂತುಬಿಡುವ ತಂತ್ರಾಂಶ ತಪ್ಪು.

ಆ ತೆರೆದ ಸಿಸ್ಟಂ ಬರೆದವರಿಗೆ ಇದು ಗೊತ್ತಿತ್ತು. ಇನ್ನೂರು ದಿನ ಕಾದು ನೋಡುವ ತಾಳ್ಮೆ ಯಾವ ಲ್ಯಾಬಿಗೂ ಇರುವುದಿಲ್ಲವೆಂಬುದೂ ಗೊತ್ತಿತ್ತು. ಹಾಗಾಗಿ ಅವರು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಲೇ ಇಲ್ಲ. ತುಂಬಲು ಇನ್ನು ಐದೇ ನಿಮಿಷ ಇದೆ ಎನ್ನುವಲ್ಲಿಂದ ಶುರು ಮಾಡಿದರು. ಎಡವುವವರು ಹೊಸ್ತಿಲಲ್ಲೇ ಎಡವಲಿ, ಬಾವಿಯ ಕಟ್ಟೆಯ ಮೇಲೆ ಬೇಡ ಎಂದು.

"ನಿಮ್ಮ ಯಂತ್ರ ಹೊಸ್ತಿಲಲ್ಲೇ ಎಡವಿತು ಅಲ್ವಾ ಸರ್? ಇದೇ ಹಜಾರದಲ್ಲಿ. ಐದನೇ ನಿಮಿಷಕ್ಕೆ. ನಾಡಿ ನೋಡೋ ತಂತ್ರಾಂಶ ತೆರೆದದ್ದಲ್ಲ, ಕಂಪನಿದೇ. ಅದು ನಿಂತುಹೋಯ್ತು. ಅದನ್ನ ಸರಿಮಾಡೋ ಬದಲು ಯಾರೋ ಆ ಸಾಲು ತೆಗೆದು ಸೊನ್ನೆ ಬರೆದ್ರು. ತನಿಖೆಗೆ ಕೊಡುವಾಗ ಮತ್ತೆ ಮೊದಲಿನ ಹಾಗೆ ಮಾಡಿ ಕೊಟ್ರು. ಮಾರುಕಟ್ಟೆ ಎಕ್ಸ್‌ಚೇಂಜಿನ ಡ್ರಾಯರಿನಲ್ಲಿ ಒಂದು ಪ್ರತಿ ಉಳಿದಿದೆ ಅನ್ನೋದು ಅವರಿಗೆ ನೆನಪಾಗಲಿಲ್ಲ."

ಅವಳು ಆ ಸಾಲು ಅಚ್ಚಾಗಿದ್ದ ಕಾಗದವನ್ನು ಮೇಜಿನ ಮೇಲೆ ಸರಿಸಿದಳು. ಮುಖ್ಯ ಇಂಜಿನಿಯರು ಅದನ್ನು ನೋಡಲಿಲ್ಲ. ಮತ್ತೆ ಅವಳ ಭುಜದಾಚೆ ನೋಡಿದರು.

ಇರುವೆ ತಿರುಗಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒಂದು ಗಡಿಯಾರವಿತ್ತು. ಮೂರು ಗಂಟೆ ನಾಲ್ಕು ನಿಮಿಷ.

"ಯಾಕೆ ಸರ್ ಗಡಿಯಾರ ನೋಡ್ತಿದ್ದೀರಿ?"

"ನಾನೇ ಬರೆದದ್ದು," ಎಂದರು ಅವರು. ದನಿ ಸಣ್ಣದಾಗಿತ್ತು. "ಆ ಸೊನ್ನೆ ನಾನೇ ಬರೆದೆ. ಎರಡು ವಾರ ಕೊಡಿ, ಸರಿಮಾಡ್ತೀನಿ ಅಂದೆ. ಮೇಲಿನವರು ಎರಡು ದಿನ ಕೊಟ್ರು. ಸದ್ಯಕ್ಕೆ ಇರಲಿ, ಮುಂದಿನ ಸಲ ಸರಿಮಾಡೋಣ ಅಂದ್ಕೊಂಡೆ. ಪುಕ್ಕಟೆ ಬೇಡ ಬೇಡ ಅಂತ ಕಾಲಿಗೆ ಬಿದ್ದ. ಕೇಳಲಿಲ್ಲ."

ಈ ಮನುಷ್ಯನ ಒಂದು ಶಹಬ್ಬಾಸ್‌ಗಾಗಿ ಇರುವೆ ಎಷ್ಟೋ ಭಾನುವಾರಗಳನ್ನು ಆ ಗಾಜಿನಾಚೆಯ ಹಜಾರದಲ್ಲಿ ಕಳೆದಿದ್ದಳು. ಈಗ ಅವರ ಮುಖವನ್ನು ನೋಡಲಾಗಲಿಲ್ಲ. ನೋಡದೆಯೂ ಇರಲಾಗಲಿಲ್ಲ.

"ಆದರೂ ಒಂದು ಕಾರ್ಡ್ ಸತ್ರೆ ಇನ್ನೊಂದು ಇರುತ್ತಲ್ಲ ಅಂತ ಧೈರ್ಯ," ಎಂದು ಅವರೇ ಮುಂದುವರಿಸಿದರು. "ನನ್ನ ಆದೇಶದಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಮೊದಲ ಕಾರ್ಡ್ ಶುರು ಮಾಡಿ, ಎರಡನೇದನ್ನ ಒಂದು ವಾರ ಬಿಟ್ಟು ಶುರು ಮಾಡಿ. ಒಂದು ನಿಂತ ದಿನ ಇನ್ನೊಂದಕ್ಕೆ ಇನ್ನೂ ಏಳು ದಿನ ಆಯುಸ್ಸು. ಮಂಗಳವಾರ ಎರಡೂ ಹೇಗೆ ಹೋದವೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ."

ಇರುವೆ ಪಾಳಿ ಪುಸ್ತಕದಿಂದ ತೆಗೆಸಿಕೊಂಡಿದ್ದ ಆದೇಶದ ನಕಲನ್ನು ಅವರ ಮುಂದಿಟ್ಟಳು. ಎರಡೂ ಕಾರ್ಡುಗಳನ್ನು ಒಟ್ಟಿಗೇ ಶುರು ಮಾಡತಕ್ಕದ್ದು. ಕೆಳಗೆ ಅವರದೇ ಸಹಿ.

ಅವರು ಓದಿದರು. ಇನ್ನಷ್ಟು ಬಿಳಿಚಿಕೊಂಡರು. ಸುಳ್ಳು ಹೇಳುವವರ ಮುಖವನ್ನು ಅವಳು ಈ ಕೆಲಸದಲ್ಲಿ ಸಾಕಷ್ಟು ನೋಡಿದ್ದಳು. ಇದು ಆ ಮುಖವಲ್ಲ.

"ಇದು ನನ್ನ ಸಹಿಯಲ್ಲ," ಎಂದರು. "ನಾನು ಮಾಡಿದ್ದು ತಪ್ಪು ಇರುವೆ. ಶಿಕ್ಷೆ ಆಗಲಿ. ಆದರೆ ಆ ಸೊನ್ನೆಯ ವಿಷಯ ಗೊತ್ತಿದ್ದೂ ಎರಡನ್ನೂ ಒಟ್ಟಿಗೆ ಶುರು ಮಾಡಿಸಿದವನು ತಪ್ಪು ಮಾಡಿದ್ದಲ್ಲ. ಬೇಕೂಂತ ದಿನ ಗೊತ್ತುಮಾಡಿ ಕಾದಿದ್ದಾನೆ."

ಆ ವಿಷಯ ಯಾರಿಗೆಲ್ಲ ಗೊತ್ತಿತ್ತೆಂದು ಅವಳು ಕೇಳಿದಳು. ತನಗೆ, ಪುಕ್ಕಟೆಗೆ, ಮೇಲಿನ ಒಬ್ಬರಿಗೆ ಎಂದರು. ಆ ಒಬ್ಬರು ಯಾರೆಂದು ಕೇಳುವಷ್ಟರಲ್ಲಿ ಅವರ ಕಣ್ಣು ಮತ್ತೆ ಗಡಿಯಾರಕ್ಕೆ ಹೋಯಿತು, ಈ ಸಲ ಅಲ್ಲೇ ನಿಂತಿತು.

"ಇದೇ ತಂತ್ರಾಂಶ ಇರೋದು ಐದು ಎಕ್ಸ್‌ಚೇಂಜಿನಲ್ಲಿ. ಮಾರುಕಟ್ಟೆಯದು ನಿಂತ ಸಂಜೆನೇ ಉಳಿದ ನಾಲ್ಕಕ್ಕೂ ಹೇಳಿಕಳಿಸಿದೆ, ಒಂದೊಂದಾಗಿ ಕಾರ್ಡುಗಳನ್ನ ನಿಲ್ಲಿಸಿ ಹೊಸದಾಗಿ ಶುರು ಮಾಡಿ ಅಂತ. ಮಾಮೂಲಿ ನಿರ್ವಹಣೆ ಅಂತ ನೆಪ ಹೇಳಿದೆ. ಮೂರು ಕಡೆ ಆಯ್ತು. ನದಿ ದಂಡೆಯದ್ದು ಇವತ್ತು ನಾಳೆ ಅಂತ ಎಳೆದ್ರು. ಮೊನ್ನೆ ಕೇಳಿದ್ರೆ, ಆಗಲ್ಲ, ತನಿಖೆಯವರು ಸೀಲ್ ಮಾಡಿದ್ದಾರೆ ಅಂದ್ರು."

"ಯಾವ ತನಿಖೆಯವರು?"

"ನೀನು. ನೀನೇ ಸೀಲ್ ಮಾಡಿಸಿದ್ದೀಯ. ತೆಗೆಸು ಅಂತ ನಿನ್ನ ಕೇಳಬೇಕಾದ್ರೆ ಕಾರಣ ಹೇಳಬೇಕು. ಕಾರಣ ಹೇಳೋ ಧೈರ್ಯ ಎರಡು ದಿನದಿಂದ ಬರಲಿಲ್ಲ." ಅವರು ಕಣ್ಣೊರೆಸಿಕೊಂಡರು. "ಅದು ಶುರುವಾದದ್ದು ಮಾರುಕಟ್ಟೆಯದಕ್ಕಿಂತ ಎಂಟು ದಿನ ತಡವಾಗಿ, ಸಂಜೆ ಏಳು ಇಪ್ಪತ್ತಕ್ಕೆ. ತುಂಬೋದು ಇವತ್ತು ಮೂರು ಮೂವತ್ತೊಂದಕ್ಕೆ. ನದಿ ದಂಡೆ ಕಡೆ ಎರಡು ಆಸ್ಪತ್ರೆ ಇದೆ ಇರುವೆ."

ಇರುವೆ ನದಿ ದಂಡೆಯ ಎಕ್ಸ್‌ಚೇಂಜನ್ನು ಎಂದೂ ಸೀಲ್ ಮಾಡಿಸಿರಲಿಲ್ಲ. ಆ ಮೆಟ್ಟಿಲನ್ನೂ ತುಳಿದಿರಲಿಲ್ಲ.

ಅವಳು ಅಲ್ಲೇ ಮೇಜಿನ ಮೇಲಿದ್ದ ಫೋನ್ ಎಳೆದುಕೊಂಡಳು. ಮೂರು ಹತ್ತು. ಆ ಕಡೆ ಪಾಳಿಯ ಮುಖ್ಯಸ್ಥ ಸಿಕ್ಕಲು ನಾಲ್ಕು ನಿಮಿಷ ಹಿಡಿಯಿತು. ಒಡಕು ದನಿಯ ಮನುಷ್ಯ. ಅವಳು ಯಾರೆಂದು ಹೇಳಿದ ಕೂಡಲೆ ವಿನಯದಿಂದ, ನಿಮ್ಮ ಸೀಲ್ ಯಾರೂ ಮುಟ್ಟಿಲ್ಲ, ನಿಶ್ಚಿಂತೆಯಿಂದಿರಿ ಎಂದು ವರದಿ ಒಪ್ಪಿಸಿದ. ಮೊನ್ನೆ ಸಂಜೆ ಇಲಾಖೆಯ ಗುರುತಿನ ಚೀಟಿ ತೋರಿಸಿದವರೊಬ್ಬರು ಅವಳ ಸಹಿಯಿದ್ದ ಕಾಗದ ತಂದು ಅಂಟಿಸಿ ಹೋದರಂತೆ.

ಸೀಲ್ ಹರಿದು ಒಳಗೆ ಹೋಗಿ ಎಂದಳು ಅವಳು. ಅವನು ಹಿಂಜರಿದ. ಬರೆದು ಕೊಡಬೇಕು ಎಂದ. ಅವಳು ಮಾತು ಏರಿಸಲಿಲ್ಲ. ಮಂಗಳವಾರ ಸತ್ತವನಿಗೆ ಒಬ್ಬ ಮಗಳಿದ್ದಾಳೆ ಎಂದಷ್ಟೇ ಹೇಳಿದಳು. ಕಾಗದ ಹರಿಯುವ ಸದ್ದು ಕೇಳಿಸಿತು. ಆಮೇಲೆ ಫ್ಯಾನುಗಳ ಭೋರ್ಗರೆತ.

"ಎರಡನೇ ಕಾರ್ಡ್ ನಿಲ್ಲಿಸಿ ಮತ್ತೆ ಶುರು ಮಾಡಿ," ಎಂದಳು. "ಅದು ಎದ್ದ ಮೇಲೆ ಕೆಲಸ ಅದಕ್ಕೆ ದಾಟಿಸಿ. ನಾಲ್ಕು ನಿಮಿಷ ಸಾಕು."

ಆ ಕಡೆ ಬೀರುವಿನ ಬಾಗಿಲು ತೆರೆದ ಸದ್ದಾಯಿತು.

"ಕೇಳಿಸ್ತಾ?"

"ಮೇಡಂ, ಎರಡನೇ ಕಾರ್ಡ್ ಇಲ್ಲ. ಜಾಗ ಖಾಲಿ ಇದೆ. ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ."

ಎದುರಿಗೆ ಮುಖ್ಯ ಇಂಜಿನಿಯರು ಎದ್ದು ನಿಂತಿದ್ದರು. ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿತ್ತು. ಉಳಿದಿರುವ ಒಂದೇ ಕಾರ್ಡನ್ನು ಈಗಲೇ ನಿಲ್ಲಿಸಿದರೆ ನಾಲ್ಕು ನಿಮಿಷ ನದಿ ದಂಡೆ ಪೂರ್ತಿ ಮೂಕ. ನಿಲ್ಲಿಸದಿದ್ದರೆ ಮೂರು ಮೂವತ್ತೊಂದಕ್ಕೆ ತಾನಾಗೇ ಸತ್ತು, ಕರೆಂಟು ಕಿತ್ತು ಎಬ್ಬಿಸುವವರೆಗೆ ಹನ್ನೊಂದು ನಿಮಿಷವೋ ಇನ್ನೂ ಹೆಚ್ಚೋ. ಈಗಲೇ ಮಾಡಿಸು ಎಂದು ಅವರು ಕೈಸನ್ನೆ ಮಾಡಿದರು. ಮೂರು ಇಪ್ಪತ್ತು.

ಅವಳಿಗೆ ಅಕ್ಕನ ಟೀ ನೆನಪಾಯಿತು.

"ಈ ಕ್ಷಣ ಎಷ್ಟು ಕರೆ ನಡೀತಿವೆ?"

"ಒಂಬೈನೂರ ಚಿಲ್ಲರೆ."

"ತುರ್ತು ನಂಬರಿನವು?"

ಕೀಲಿ ಒತ್ತುವ ಟಕಟಕ. "ಒಂದೇ. ಒಂಬತ್ತು ನಿಮಿಷದಿಂದ ನಡೀತಾ ಇದೆ. ನಾವು ಯಂತ್ರ ನಿಲ್ಲಿಸಿದ್ರೆ ಅದೂ ಕಟ್ಟಾಗುತ್ತೆ."

ಒಂಬತ್ತು ನಿಮಿಷ. ಅಷ್ಟು ಹೊತ್ತು ಹಿಡಿದಿದ್ದಾರೆಂದರೆ ಆ ಕಡೆ ಯಾರದೋ ಉಸಿರು ಒಂದೊಂದಾಗಿ ಎಣಿಸಿಕೊಂಡು ನಡೆಯುತ್ತಿದೆ. ಆಂಬುಲೆನ್ಸ್ ಇನ್ನೂ ದಾರಿಯಲ್ಲಿದೆ. ಅಥವಾ ಎಲ್ಲಿಗೆ ಹೋಗಬೇಕೆಂದು ಅದಕ್ಕೇ ತಿಳಿದಿಲ್ಲ.

"ಎಲ್ಲಿಂದ ಬರ್ತಿದೆ ನೋಡಿ. ವಿಳಾಸ ಹೇಳಿ, ಅಲ್ಲಿಗೆ ಬೇರೆ ದಾರಿಯಲ್ಲಿ ಜನ ಕಳಿಸ್ತೀನಿ. ಆಮೇಲೆ ನಿಲ್ಲಿಸೋಣ."

ಮತ್ತೆ ಟಕಟಕ. ಒಡಕು ದನಿ ಈಗ ಪಿಸುಮಾತಿಗಿಳಿದಿತ್ತು.

"ಮೇಡಂ, ಇದು ನಮ್ಮದೇ ನಂಬರು. ಈ ಕಟ್ಟಡದ್ದು. ನೆಲಮಾಳಿಗೆಯ ಬ್ಯಾಟರಿ ಕೋಣೆಯಲ್ಲಿ ಗೋಡೆಗೆ ಒಂದು ಫೋನಿದೆಯಲ್ಲ, ಅದು."

ಮೇಜಿನ ಮೇಲೆ ಉಳಿದ ಎರಡು ಕನ್ನಡಕ ಇರುವೆಗೆ ನೆನಪಾದವು. "ಹಾಗಾದ್ರೆ ಇಳಿದು ಹೋಗಿ ಬಾಗಿಲು ತೆಗೀರಿ."

"ತೆಗೆಯೋಕೆ ಕೀಲಿ ನಮ್ಮ ಹತ್ರ ಇಲ್ಲ," ಎಂದ ಅವನು. "ಮೊನ್ನೆ ಸಂಜೆ ಆ ಬಾಗಿಲಿಗೂ ಬೀಗ ಹಾಕಿ ಸೀಲ್ ಅಂಟಿಸಿ ಹೋದ್ರು. ಕೀಲಿ ನಿಮಗೆ ಒಪ್ಪಿಸಿದ್ದೀವಿ ಅಂತ ನಮ್ಮ ಪಾಳಿ ಪುಸ್ತಕದಲ್ಲಿ ಬರೆದಿದೆ. ಕೆಳಗೆ, ತಲುಪಿದೆ ಅಂತ, ನಿಮ್ಮದೇ ಸಹಿ."